ತೊರೆದ ಪೀಠ, ಮರಳಿದ ಮನೆ



ಇಮಾಮ್ ಗಝ್ಝಾಲಿ(ರ)ಯವರ ಹೆಸರನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಅವರ 'ಇಹ್ಯಾ ಉಲೂಮಿದ್ದೀನ್' ಗ್ರಂಥವನ್ನು ಓದದಿದ್ದರೂ ಅದರ ಹೆಸರನ್ನಾದರೂ ಬಲ್ಲಿರಿ. ಅವರ ಜೀವನದ ಒಂದು ಘಟನೆಯಂತೂ ನಮ್ಮ ಪ್ರವಚನಗಳಲ್ಲಿ, ಉಪನ್ಯಾಸಗಳಲ್ಲಿ ಪದೇ ಪದೇ ಬರುತ್ತದೆ. ಬಗ್ದಾದ್‌ನ ಅತಿ ದೊಡ್ಡ ವಿದ್ಯಾಕೇಂದ್ರದ ಅತಿ ದೊಡ್ಡ ಹುದ್ದೆಯಲ್ಲಿದ್ದ ವಿದ್ವಾಂಸರೊಬ್ಬರು ಒಂದು ದಿನ ಎಲ್ಲವನ್ನೂ ಬಿಟ್ಟು, ಒರಟು ಬಟ್ಟೆ ತೊಟ್ಟು, ಅಲ್ಲಾಹನನ್ನು ಅರಸುತ್ತಾ ಹೊರಟುಹೋದ ಘಟನೆ ಅದು.

ಈ ಘಟನೆಯನ್ನು ಕೇಳುವಾಗ ನಾವೆಲ್ಲ ಇಮಾಮರ ಬೆನ್ನ ಹಿಂದೆಯೇ ಹೋಗಿಬಿಡುತ್ತೇವೆ. ಅವರೊಂದಿಗೆ ಡಮಾಸ್ಕಸ್ ಸೇರುತ್ತೇವೆ, ಜೆರುಸಲೇಮಿಗೆ ಹೋಗುತ್ತೇವೆ, ಮಕ್ಕಾ ಮದೀನ ತಲುಪುತ್ತೇವೆ. ಆದರೆ ಅವರು ಹೊರಟ ಮನೆಯಲ್ಲಿ ಉಳಿದವರು ಯಾರು? ಮರುದಿನದಿಂದ ಆ ಮನೆಯ ಹೊಣೆ ಯಾರ ಹೆಗಲಿಗೆ ಬಿತ್ತು? ಅವರ ಪೀಠದಲ್ಲಿ ಯಾರು ಕುಳಿತರು? ಅವರನ್ನು ಮರಳಿ ಕರೆತಂದವರು ಯಾರು? ಹೋದವರ ಕತೆಯನ್ನು ನೀವು ಬಲ್ಲವರು. ಆದ್ದರಿಂದ ಈ ಸಲ ಮನೆಯ ಕಡೆಗೆ ನಿಂತು ಅದನ್ನು ನೋಡೋಣ. ಇದಕ್ಕೆ ಬೇಕಾದ ವಿವರಗಳಲ್ಲಿ ಬಹುಪಾಲನ್ನು ಇಮಾಮರೇ ತಮ್ಮ ಬರಹಗಳಲ್ಲಿ ಬಿಟ್ಟುಹೋಗಿದ್ದಾರೆ.

ತಂದೆಯಿಲ್ಲದ ಇಬ್ಬರು ಮಕ್ಕಳು

ಖುರಾಸಾನಿನ ತೂಸ್ ಪಟ್ಟಣ ಇಂದಿನ ಇರಾನಿನ ಮಶ್ಹದ್ ನಗರದ ಸಮೀಪದಲ್ಲಿದೆ. ಹಿಜರಿ 450ರಲ್ಲಿ, ಅಂದರೆ ಕ್ರಿ.ಶ. 1058ರಲ್ಲಿ, ಅಬೂ ಹಾಮಿದ್ ಮುಹಮ್ಮದ್ ಗಝ್ಝಾಲಿ ಅಲ್ಲಿ ಹುಟ್ಟಿದರು ಎಂಬುದು ಪ್ರಸಿದ್ಧ ಅಭಿಪ್ರಾಯ. ಅವರ ತಮ್ಮ ಅಹ್ಮದ್. 14ನೇ ಶತಮಾನದ ವಿದ್ವಾಂಸ ತಾಜುದ್ದೀನ್ ಸುಬ್ಕಿಯವರು ಬರೆದಿಟ್ಟ ಪ್ರಕಾರ, ತಂದೆ ಉಣ್ಣೆ ನೂಲು ತೆಗೆದು ಮಾರುತ್ತಿದ್ದ ಬಡವರು. ಅಕ್ಷರ ಕಲಿಯಲಾಗಲಿಲ್ಲವಲ್ಲ ಎಂಬ ಕೊರಗು ಅವರಿಗಿತ್ತು. ಸಾವು ಸಮೀಪಿಸಿದಾಗ ಅವರು ಇಬ್ಬರು ಮಕ್ಕಳನ್ನೂ ಇದ್ದ ಅಲ್ಪ ಹಣವನ್ನೂ ಸೂಫಿಯಾದ ಒಬ್ಬ ಗೆಳೆಯರ ಕೈಗೆ ಒಪ್ಪಿಸಿ, ತನಗೆ ದಕ್ಕದ್ದು ಇವರಿಗೆ ದಕ್ಕಲಿ ಎಂದು ಕೇಳಿಕೊಂಡರು. ಹಣ ಮುಗಿಯುವವರೆಗೆ ಆ ಗೆಳೆಯರು ಮಕ್ಕಳನ್ನು ಕಲಿಸಿದರು. ಹಣ ಮುಗಿದಾಗ, ನಾನೂ ಬಡವ, ಇನ್ನು ನೀವು ಮದ್ರಸ ಸೇರಿ, ಅಲ್ಲಿ ಓದುವವರಿಗೆ ಊಟ ಸಿಗುತ್ತದೆ ಎಂದು ಹೇಳಿ ಕಳುಹಿಸಿದರು.

ಹೊಟ್ಟೆಪಾಡಿಗಾಗಿ ಮದ್ರಸ ಸೇರಿದ ಹುಡುಗ ಮುಂದೆ ಹುಜ್ಜತುಲ್ ಇಸ್ಲಾಮ್ ಎನಿಸಿಕೊಂಡದ್ದು ನಿಮಗೆ ತಿಳಿದ ವಿಷಯ. ಈ ಲೇಖನಕ್ಕೆ ಬೇಕಾದ ಸಂಗತಿ ಬೇರೆಯಿದೆ. ತಂದೆ ಹೋದ ಮೇಲೆ ಮನೆ ಹೇಗಿರುತ್ತದೆ ಎಂಬುದನ್ನು ಈ ಇಬ್ಬರು ಸೋದರರು ಅನುಭವಿಸಿ ತಿಳಿದಿದ್ದರು.

ಅಣ್ಣನ ಏಳಿಗೆ ವೇಗವಾಗಿ ನಡೆಯಿತು. ಜುರ್ಜಾನ್‌ನಲ್ಲಿ ಓದು, ನಂತರ ನೀಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನಿಯವರ ಶಿಷ್ಯತ್ವ. (ದಾರಿಯಲ್ಲಿ ಕಳ್ಳರು ಪುಸ್ತಕದ ಗಂಟನ್ನು ಕಸಿದುಕೊಂಡ ಕತೆ ನಿಮಗೆಲ್ಲ ಬಾಯಿಪಾಠವಾಗಿರುವುದರಿಂದ ಇಲ್ಲಿ ಬಿಡುತ್ತೇನೆ.) 1085ರಲ್ಲಿ ಗುರುಗಳು ತೀರಿಕೊಂಡ ಬಳಿಕ ಅವರು ಸೆಲ್ಜೂಕ್ ಸಾಮ್ರಾಜ್ಯದ ಪ್ರಬಲ ವಝೀರ್ ನಿಝಾಮುಲ್ ಮುಲ್ಕ್‌ರ ಆಸ್ಥಾನ ಸೇರಿದರು. 1091ರಲ್ಲಿ ವಝೀರರು ಅವರನ್ನು ಬಗ್ದಾದ್‌ನ ನಿಝಾಮಿಯ್ಯಾ ಮದ್ರಸದ ಮುಖ್ಯ ಅಧ್ಯಾಪಕರನ್ನಾಗಿ ನೇಮಿಸಿದರು. 1067ರಲ್ಲಿ ಆರಂಭವಾಗಿದ್ದ ಆ ಮದ್ರಸದ ಪೀಠಕ್ಕೆ ಸಮನಾದ ಗೌರವ ಆ ಕಾಲದಲ್ಲಿ ಬೇರೆಲ್ಲೂ ಇರಲಿಲ್ಲವೆಂದರೂ ಸಲ್ಲುತ್ತದೆ. ಗಝ್ಝಾಲಿಯವರಿಗೆ ಆಗ ಮೂವತ್ತಮೂರರ ಆಸುಪಾಸಿನ ಪ್ರಾಯ. ತಮ್ಮ ಬಳಿ ಮುನ್ನೂರು ವಿದ್ಯಾರ್ಥಿಗಳು ಕಲಿಯುತ್ತಿದ್ದರೆಂದು ಅವರೇ ಬರೆದಿದ್ದಾರೆ. ಅವರು ಬಗ್ದಾದ್ ಪ್ರವೇಶಿಸಿದಾಗ ಅವರ ಉಡುಪಿಗೂ ವಾಹನಕ್ಕೂ ಜನ ಐನೂರು ದೀನಾರ್ ಬೆಲೆ ಕಟ್ಟಿದ್ದರು ಎಂದು ಬಗ್ದಾದ್‌ನವರೇ ಆದ ಚರಿತ್ರೆಕಾರ ಇಬ್ನುಲ್ ಜೌಝಿ ದಾಖಲಿಸಿದ್ದಾರೆ. ಈ ಐನೂರರ ಲೆಕ್ಕ ನಿಮ್ಮ ನೆನಪಿನಲ್ಲಿರಲಿ.

ನಾಲಿಗೆ ಕಟ್ಟಿದ ಆರು ತಿಂಗಳು

1092ರ ಅಕ್ಟೋಬರಿನಲ್ಲಿ ನಿಝಾಮುಲ್ ಮುಲ್ಕ್‌ರ ಕೊಲೆಯಾಯಿತು. ಮರುತಿಂಗಳೇ ಸುಲ್ತಾನ್ ಮಲಿಕ್‌ಶಾಹ್ ತೀರಿಕೊಂಡರು. ರಾಜಕುಮಾರರ ನಡುವೆ ಅಧಿಕಾರಕ್ಕಾಗಿ ಯುದ್ಧಗಳಾದವು. 1095ರಲ್ಲಿ ಗಝ್ಝಾಲಿಯವರು ಬಗ್ದಾದ್ ಬಿಟ್ಟದ್ದಕ್ಕೆ ಈ ರಾಜಕೀಯ ಭಯವೇ ಕಾರಣವೆಂದು ವಾದಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಕಾಲದ ಅಶಾಂತಿ ಮನುಷ್ಯನ ಮನಸ್ಸನ್ನು ಮುಟ್ಟದೆ ಇರುವುದಿಲ್ಲ, ನಿಜ. ಆದರೆ ಭಯಪಟ್ಟು ಓಡಿದವನು ಆಮೇಲಿನ ಹದಿನಾರು ವರ್ಷ ಅದೇ ಮಾರ್ಗದಲ್ಲಿ ಬದುಕುವುದಿಲ್ಲ ಎಂದು ನನಗನಿಸುತ್ತದೆ.

'ಅಲ್ ಮುನ್ಕಿದ್ ಮಿನದ್ದಲಾಲ್' ಎಂಬ ಆತ್ಮಕಥನದಲ್ಲಿ ಅವರು ಅಂದಿನ ತಮ್ಮ ಸ್ಥಿತಿಯನ್ನು ಬಣ್ಣಿಸಿದ್ದಾರೆ. ತಾನು ಕಲಿಸುತ್ತಿರುವುದು ಅಲ್ಲಾಹನ ಸಂಪ್ರೀತಿಗಾಗಿಯೋ, ಕೀರ್ತಿಗಾಗಿಯೋ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು. ಬೆಳಗ್ಗೆ ಹೊರಡಬೇಕೆಂದು ನಿರ್ಧರಿಸುತ್ತಿದ್ದರು, ಸಂಜೆಗೆ ಆ ನಿರ್ಧಾರ ಕರಗುತ್ತಿತ್ತು. ಹಿಜರಿ 488ರ ರಜಬ್ ತಿಂಗಳಿನಿಂದ ಸುಮಾರು ಆರು ತಿಂಗಳು ಹೀಗೆಯೇ ಸಾಗಿತು. ಕೊನೆಗೆ ನಾಲಿಗೆಯೇ ಕಟ್ಟಿತು. ವಿದ್ಯಾರ್ಥಿಗಳ ಸಂತೋಷಕ್ಕಾಗಿ ಒಂದು ದಿನವಾದರೂ ಪಾಠ ಮಾಡೋಣವೆಂದು ಪ್ರಯತ್ನಿಸಿದರೂ ಒಂದು ಶಬ್ದವೂ ಹೊರಡಲಿಲ್ಲ. ಅನ್ನ ನೀರು ಗಂಟಲಿಗಿಳಿಯುತ್ತಿರಲಿಲ್ಲ. ಇದು ಮನಸ್ಸಿನಿಂದ ಬಂದ ಕಾಯಿಲೆ, ಮನಸ್ಸು ಹಗುರಾಗದೆ ಮದ್ದಿಗೆ ಬಗ್ಗದು ಎಂದು ವೈದ್ಯರು ಕೈಚೆಲ್ಲಿದರು.

ಮಿತ್ರರೇ, ಈ ಪ್ರಸಂಗವನ್ನು ನಾವು ಒಬ್ಬ ಮಹಾಪುರುಷನ ಅಂತರಂಗದ ಹೋರಾಟವೆಂದು ಓದುತ್ತೇವೆ. ಆದರೆ ಮುದ್ದೆ ನುಂಗಲಾಗದ, ಮಾತು ಹೊರಡದ ಮನುಷ್ಯ ಒಂದು ಮನೆಯಲ್ಲಿ ಮಲಗಿರುತ್ತಾನಲ್ಲವೇ? ಆತನಿಗೆ ಗಂಜಿ ಮಾಡಿಕೊಟ್ಟವರು, ಮಕ್ಕಳನ್ನು ಸದ್ದು ಮಾಡದಂತೆ ಗದರಿಸಿದವರು, ವೈದ್ಯರನ್ನು ಕರೆಸಿದವರು ಇದ್ದೇ ಇರಬೇಕಲ್ಲವೇ? ಆ ಮನೆಯೊಡತಿಯ ಹೆಸರನ್ನು ಚರಿತ್ರೆಕಾರರು ಬರೆದಿಡಲಿಲ್ಲ. ಇಮಾಮರ ಗುರುಗಳ ಹೆಸರುಗಳಿವೆ, ಶಿಷ್ಯರ ಹೆಸರುಗಳಿವೆ, ಅವರೊಂದಿಗೆ ವಾದಿಸಿ ಸೋತವರ ಹೆಸರುಗಳೂ ಇವೆ.

ಹೊರಡುವ ಮುನ್ನ

ಹಿಜರಿ 488ರ ದುಲ್‌ಕಅದ್, ಅಂದರೆ 1095ರ ನವೆಂಬರ್. ಮಕ್ಕಾಕ್ಕೆ ಹೋಗುತ್ತೇನೆಂದು ಗಝ್ಝಾಲಿಯವರು ಬಹಿರಂಗವಾಗಿ ಹೇಳಿದರು. ಮನಸ್ಸಿನಲ್ಲಿದ್ದುದು ಮಾತ್ರ ಸಿರಿಯಾ. ಖಲೀಫರಿಗೂ ಗೆಳೆಯರಿಗೂ ತಿಳಿದರೆ ಬಿಡಲಾರರೆಂಬ ಅಳುಕಿನಿಂದ ಹೀಗೆ ಮಾಡಿದೆ ಎಂದು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಇರಾಕಿನ ಉಲಮಾಗಳಿಗೆ ಇದು ಅರ್ಥವಾಗಲಿಲ್ಲ. ದೀನಿನ ಅತ್ಯುನ್ನತ ಸ್ಥಾನವೆಂದು ತಾವು ತಿಳಿದುದನ್ನು ದೀನಿಗಾಗಿಯೇ ಬಿಡುವುದೆಂದರೇನು? ದೂರದವರು ಸರಕಾರದ ಭಯವೆಂದರು. ಅಧಿಕಾರಿಗಳು ಉಳಿಯಿರೆಂದು ಒತ್ತಾಯಿಸುತ್ತಿದ್ದುದನ್ನು ಹತ್ತಿರದಿಂದ ಕಂಡವರು ಮಾತ್ರ, ಸಮುದಾಯಕ್ಕೆ ಯಾರದೋ ದೃಷ್ಟಿ ತಾಗಿತು ಎಂದುಕೊಂಡರು.

ಇನ್ನು ಮನೆ. ಕೈಯಲ್ಲಿದ್ದ ಸಂಪತ್ತನ್ನು ಹಂಚಿದೆ, ನನ್ನ ಅವಶ್ಯಕತೆಗೂ ಮಕ್ಕಳ ಊಟಕ್ಕೂ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡೆ ಎಂದು ಅವರು ಹೇಳುತ್ತಾರೆ. ಅಷ್ಟಕ್ಕೇ ನಿಲ್ಲಿಸದೆ ಆ ಹಣದ ಮೂಲವನ್ನೂ ಸಮರ್ಥಿಸುತ್ತಾರೆ. ಇರಾಕಿನ ಸಂಪತ್ತು ಮುಸ್ಲಿಮರ ಹಿತಕ್ಕಾಗಿ ವಕ್ಫ್ ಆಗಿರುವಂಥದ್ದು, ಒಬ್ಬ ಆಲಿಮ್ ತನ್ನ ಸಂಸಾರಕ್ಕಾಗಿ ತೆಗೆದುಕೊಳ್ಳಲು ಅದಕ್ಕಿಂತ ಯೋಗ್ಯವಾದ ಹಣ ಲೋಕದಲ್ಲಿಲ್ಲ ಎಂಬುದು ಅವರ ವಾದ. ಎಲ್ಲವನ್ನೂ ತ್ಯಜಿಸಿದ ಕತೆಯ ನಡುವೆ ಈ ಸಣ್ಣ ಲೆಕ್ಕಪತ್ರ ಯಾಕೆ ಬಂತು? ಇಮಾಮರು ಫಿಕ್ಹ್ ಬಲ್ಲವರು. ಅವಲಂಬಿತರ ಖರ್ಚಿಗೆ ವ್ಯವಸ್ಥೆ ಮಾಡದೆ ಹೊರಡುವ ಅಧಿಕಾರ ಯಾರಿಗೂ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಹಜ್ಜ್‌ಗೆ ಹೊರಡುವವನು ಮೊದಲು ಸಾಲ ತೀರಿಸಬೇಕು, ಮರಳಿ ಬರುವ ತನಕ ಮನೆಯವರ ಜೀವನಾಂಶ ತೆಗೆದಿಡಬೇಕು ಎಂದು ಇಹ್ಯಾದ ಹಜ್ಜ್ ಅಧ್ಯಾಯದಲ್ಲಿ ಅವರೇ ಬರೆದಿದ್ದಾರೆ.

ಎರಡನೆಯ ವ್ಯವಸ್ಥೆ ಪೀಠದ್ದು. ಅಣ್ಣ ಬಿಟ್ಟ ಜಾಗದಲ್ಲಿ ತಮ್ಮ ಅಹ್ಮದ್ ಕುಳಿತು ಪಾಠ ಹೇಳಿದರು. ಇಲ್ಲೊಂದು ವಿಚಿತ್ರವನ್ನು ನೀವು ಗಮನಿಸಬೇಕು. ಈ ಇಬ್ಬರಲ್ಲಿ ಮೊದಲಿನಿಂದಲೂ ತಸವ್ವುಫಿನತ್ತ ಒಲಿದಿದ್ದವರು ತಮ್ಮ. ಅವರು ಹೆಸರಾಂತ ವಾಗ್ಮಿ, ಮುಂದೆ ದಿವ್ಯಪ್ರೇಮದ ಕುರಿತು ಪಾರಸಿ ಭಾಷೆಯಲ್ಲಿ 'ಸವಾನಿಹ್' ಎಂಬ ಕೃತಿ ರಚಿಸಿದವರು. ಫಿಕ್ಹ್, ತರ್ಕ, ಮದ್ರಸ, ಆಸ್ಥಾನ ಇವೆಲ್ಲ ಅಣ್ಣನ ಲೋಕ. ಈಗ ಅಣ್ಣ ಕಂಬಳಿ ಹೊದ್ದು ಹೊರಟರೆ ತಮ್ಮ ಅಧ್ಯಾಪಕರ ಪೀಠ ಏರಬೇಕಾಯಿತು. ಮನೆಯಲ್ಲಿ ಒಬ್ಬ ತನ್ನ ಪಾತ್ರ ಬದಲಿಸಿದರೆ ಇನ್ನೊಬ್ಬ ತನ್ನದಲ್ಲದ ಪಾತ್ರವನ್ನು ಹೊರಬೇಕಾಗುತ್ತದೆ. ಮುನ್ನೂರು ವಿದ್ಯಾರ್ಥಿಗಳ ಪಾಠ ನಿಲ್ಲಲಿಲ್ಲವೆಂಬುದಕ್ಕೆ ಅಣ್ಣನನ್ನು ಹೊಗಳುವ ನಾವು ತಮ್ಮನನ್ನು ನೆನೆಯುವುದು ಕಡಿಮೆ.

ಮಕ್ಕಳ ಕರೆ

ಮುಂದಿನದ್ದನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಡಮಾಸ್ಕಸ್‌ನ ಉಮವಿ ಮಸೀದಿಯ ಮಿನಾರ ಹತ್ತಿ, ಬಾಗಿಲು ಮುಚ್ಚಿಕೊಂಡು ಅವರು ದಿನವಿಡೀ ಏಕಾಂತದಲ್ಲಿರುತ್ತಿದ್ದರು. ಅಲ್ಲಿಂದ ಜೆರುಸಲೇಮ್. ನಂತರ ಹೆಬ್ರಾನ್‌ನಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಬಳಿ ಮೂರು ಪ್ರತಿಜ್ಞೆ ಮಾಡಿದರು: ಅರಸರ ಹಣ ಮುಟ್ಟುವುದಿಲ್ಲ, ಅರಸರ ಬಾಗಿಲಿಗೆ ಹೋಗುವುದಿಲ್ಲ, ವಾದಕ್ಕಾಗಿ ವಾದ ಮಾಡುವುದಿಲ್ಲ. 1096ರಲ್ಲಿ ಹಜ್ಜ್ ನೆರವೇರಿಸಿದರು.

ಇಷ್ಟರವರೆಗೆ ಬರೆದ ಇಮಾಮರು ಮುಂದಿನ ವಾಕ್ಯದಲ್ಲಿ ಬಹಳ ಸರಳವಾಗಿ ಒಂದು ವಿಷಯ ಹೇಳುತ್ತಾರೆ. ಚಿಂತೆಗಳೂ ಮಕ್ಕಳ ಕರೆಯೂ ತನ್ನನ್ನು ಊರಿನತ್ತ ಎಳೆದವು, ಮರಳಿ ಹೋಗುವ ಯೋಚನೆಯೇ ಇಲ್ಲದಿದ್ದರೂ ಮರಳಿದೆ ಎಂದು. ವಝೀರರ ಒತ್ತಾಯಕ್ಕೆ ನಿಲ್ಲದವರು, ಉಲಮಾಗಳ ನಿಂದೆಗೆ ಅಲುಗದವರು, ಪುಟ್ಟ ಮಕ್ಕಳ ಕೂಗಿಗೆ ದಾರಿ ಬದಲಿಸಿದರು.

ಆ ಮಕ್ಕಳ ವಯಸ್ಸೆಷ್ಟು? ನಾನು ಮುಂದೆ ಹೇಳಲಿರುವ ಪತ್ರವೊಂದರಲ್ಲಿ, ಬಗ್ದಾದ್‌ಗೆ ಮೊದಲ ಸಲ ಬಂದಾಗ ತನಗೆ ಹೆಂಡತಿ ಮಕ್ಕಳು ಇರಲಿಲ್ಲವೆಂದು ಇಮಾಮರು ತಿಳಿಸಿದ್ದಾರೆ. ಆ ಮಾತನ್ನು ಹಿಡಿದು ಲೆಕ್ಕ ಹಾಕಿದರೆ 1095ರಲ್ಲಿ ಹಿರಿಯ ಮಗುವಿಗೂ ನಾಲ್ಕು ತುಂಬಿರಲಾರದು. ತಂದೆ ಹೊರಟಾಗ ಇನ್ನೂ ಮಾತು ಕಲಿಯುತ್ತಿದ್ದ ಮಕ್ಕಳು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಲ್ಲಿ ನಾಡಿನಿಂದ ತಿಂಗಳು ತಿಂಗಳು ಖರ್ಚಿಗೆ ಬರುತ್ತದೆ, ಅಡುಗೆಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ, ಆದರೂ ಮಗು ಕೇಳುವುದು ಅಬ್ಬ ಬರುವುದು ಯಾವಾಗ ಎಂದೇ. ಮಕ್ಕಳ ಊಟಕ್ಕೆ ಬೇಕಾದಷ್ಟನ್ನು ಇಮಾಮರು ತೆಗೆದಿಟ್ಟಿದ್ದರು. ಕರೆ ಬಂದದ್ದು ಊಟಕ್ಕಾಗಿ ಆಗಿರಲಿಕ್ಕಿಲ್ಲ.

1097ರಲ್ಲಿ ಅವರು ಬಗ್ದಾದ್ ಮಾರ್ಗವಾಗಿ ತೂಸ್‌ಗೆ ಮರಳಿದರು. ಬಗ್ದಾದ್‌ನಲ್ಲಿ ಸ್ವಲ್ಪ ಕಾಲ ತಂಗಿದಾಗ ಸ್ಪೇನಿನಿಂದ ಬಂದಿದ್ದ ಯುವ ವಿದ್ವಾಂಸ ಅಬೂಬಕರ್ ಇಬ್ನುಲ್ ಅರಬಿ ಅವರನ್ನು ಕಂಡು ಅವರಿಂದ ಕಲಿತರು. ಈ ಸಲ ಜನ ಅವರ ಬಟ್ಟೆಗೆ ಕಟ್ಟಿದ ಬೆಲೆ ಹದಿನೈದು ಕೀರಾತ್ ಎಂದು ಇಬ್ನುಲ್ ಜೌಝಿ ಬರೆಯುತ್ತಾರೆ. ಪೂರ್ತಿ ಒಂದು ದೀನಾರ್ ಕೂಡ ಆಗುವುದಿಲ್ಲ.

ಮರಳಿ ಬಂದ ಮೇಲೂ ಎಲ್ಲವೂ ಸರಿಯಾಯಿತು ಎಂದು ನೀವು ಭಾವಿಸಬೇಡಿ. ಏಕಾಂತವನ್ನೇ ಬಯಸಿದರೂ ಕಾಲದ ಘಟನೆಗಳು, ಸಂಸಾರದ ತಾಪತ್ರಯ, ಸಂಪಾದನೆಯ ಅಗತ್ಯ ಇವು ತನ್ನ ಏಕಾಂತದ ನಿರ್ಮಲತೆಯನ್ನು ಕದಡುತ್ತಿದ್ದವು ಎಂದು ಅವರು ಒಪ್ಪಿಕೊಂಡಿದ್ದಾರೆ. ಕದಡಿದ ಆ ವರ್ಷಗಳಲ್ಲೇ ಇಹ್ಯಾದಂಥ ಬೃಹತ್ ಗ್ರಂಥದ ಕೆಲಸ ನಡೆಯಿತು. ಅದರಲ್ಲಿ ವಿವಾಹದ ಕುರಿತ ಒಂದು ಅಧ್ಯಾಯವಿದೆ. ಪ್ರೌಢ ತರಗತಿಯವರು ಓದಲೇಬೇಕಾದ ಅಧ್ಯಾಯ ಅದು. ವಿವಾಹದ ಐದು ಲಾಭಗಳನ್ನೂ ಮೂರು ಅಪಾಯಗಳನ್ನೂ ಅಲ್ಲಿ ಅವರು ತೂಗಿ ನೋಡುತ್ತಾರೆ. ಮಡದಿ ಮಕ್ಕಳು ಮನುಷ್ಯನನ್ನು ಅಲ್ಲಾಹನ ಸ್ಮರಣೆಯಿಂದ ಬೇರೆಡೆಗೆ ಸೆಳೆಯಬಹುದೆಂಬುದು ಅಪಾಯಗಳಲ್ಲಿ ಒಂದು. ಮನೆಯವರ ಹಕ್ಕುಗಳನ್ನು ಪೂರೈಸುತ್ತಾ, ಅವರ ಸ್ವಭಾವವನ್ನು ಸಹಿಸುತ್ತಾ ನಡೆಯುವ ಸಂಸಾರವೇ ಮನಸ್ಸನ್ನು ಪಳಗಿಸುವ ಸಾಧನೆ ಎಂಬುದು ಲಾಭಗಳಲ್ಲಿ ಒಂದು. ಅವಲಂಬಿತರನ್ನು ಬಿಟ್ಟು ಓಡಿಹೋದವನನ್ನು ಒಡೆಯನಿಂದ ತಪ್ಪಿಸಿಕೊಂಡ ಗುಲಾಮನಿಗೆ ಹೋಲಿಸಿ, ಮರಳಿ ಬರುವ ತನಕ ಅವನ ನಮಾಝ್ ಉಪವಾಸಗಳು ಸ್ವೀಕೃತವಲ್ಲ ಎಂಬ ಕಠಿಣ ಹೇಳಿಕೆಯನ್ನೂ ಅದೇ ಅಧ್ಯಾಯದಲ್ಲಿ ಉದ್ಧರಿಸುತ್ತಾರೆ. ಬಗ್ದಾದ್‌ನಿಂದ ಹೊರಟುಹೋದ ಮನುಷ್ಯನೇ ಇದನ್ನು ಬರೆದಿರುವುದು. ಬರೆಯುವಾಗ ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಕೆಲಸವನ್ನು ನಿಮಗೇ ಬಿಡುತ್ತೇನೆ.

ಕಂಡವರ ಸಾಕ್ಷಿ

ಬದಲಾವಣೆ ನಿಜವೇ, ನಟನೆಯೇ? ಇದು ಅವರ ಕಾಲದಲ್ಲೇ ಎದ್ದ ಪ್ರಶ್ನೆ. ನೀಶಾಪುರದ ಚರಿತ್ರೆಕಾರ ಅಬ್ದುಲ್ ಗಾಫಿರ್ ಫಾರಿಸಿ ಗಝ್ಝಾಲಿಯವರನ್ನು ಹಿಂದೆಯೂ ಬಲ್ಲವರು, ಮುಂದೆಯೂ ಕಂಡವರು. ಹಿಂದಿನ ಗಝ್ಝಾಲಿ ಒರಟು ಮಾತಿನವರು, ತಮ್ಮ ಬುದ್ಧಿಶಕ್ತಿಯ ಅಹಂಭಾವದಿಂದ ಇತರರನ್ನು ಕೀಳಾಗಿ ಕಾಣುತ್ತಿದ್ದವರು ಎಂದು ಅವರು ಮುಲಾಜಿಲ್ಲದೆ ಬರೆಯುತ್ತಾರೆ. ಮರಳಿ ಬಂದ ಮೇಲಿನ ವಿನಯವನ್ನು ಕಂಡು ಇದು ತೋರಿಕೆಯಿರಬಹುದೆಂದು ಶಂಕಿಸಿದರು. ಹಲವು ಸಲ ಭೇಟಿಯಾಗಿ ಪರೀಕ್ಷಿಸಿದ ಮೇಲೆ, ಈ ಮನುಷ್ಯ ನಿಜವಾಗಿಯೂ ಬೇರೆಯಾಗಿದ್ದಾನೆ ಎಂದು ಒಪ್ಪಿಕೊಂಡರು. ಹೊರಗಿನವರಿಗೇ ಇಷ್ಟು ಸಮಯ ಬೇಕಾಯಿತು.

1106ರಲ್ಲಿ ನಿಝಾಮುಲ್ ಮುಲ್ಕ್‌ರ ಮಗ, ವಝೀರ್ ಫಖ್ರುಲ್ ಮುಲ್ಕ್, ನೀಶಾಪುರದ ನಿಝಾಮಿಯ್ಯಾದಲ್ಲಿ ಕಲಿಸಲೇಬೇಕೆಂದು ಒತ್ತಾಯಿಸಿದರು. ಇಮಾಮರು ಒಪ್ಪಿದರು. ಕೆಲವು ವರ್ಷಗಳಲ್ಲೇ ಅದನ್ನೂ ಬಿಟ್ಟು ತೂಸ್‌ಗೆ ಬಂದರು. ಮನೆಯ ಪಕ್ಕದಲ್ಲಿ ವಿದ್ಯಾರ್ಥಿಗಳಿಗೊಂದು ಮದ್ರಸ, ಸೂಫಿಗಳಿಗೊಂದು ಖಾನ್‌ಕಾಹ್ ನಿರ್ಮಿಸಿದರು. ಮನೆ, ಪಾಠ, ಆರಾಧನೆ ಮೂರೂ ನಡೆದು ಹೋಗುವಷ್ಟು ದೂರದಲ್ಲಿ. ಹಿಂದೆ ಬಗ್ದಾದ್‌ನಲ್ಲಿ ಇವು ಮೂರೂ ಒಂದಕ್ಕೊಂದು ವೈರಿಗಳಂತೆ ಕಂಡಿದ್ದವು.

ಇನ್ನು ನಾನು ಹೇಳಬೇಕೆಂದಿದ್ದ ಪತ್ರ. 1110ರಲ್ಲಿ ಬಗ್ದಾದ್‌ನ ನಿಝಾಮಿಯ್ಯಾ ಪೀಠ ಮತ್ತೆ ತೆರವಾಯಿತು. ಅಲ್ಲಿ ಕಲಿಸುತ್ತಿದ್ದ ಇಲ್ಕಿಯಾ ಹರ್ರಾಸಿ, ಗಝ್ಝಾಲಿಯವರ ಹಳೆಯ ಸಹಪಾಠಿ, ತೀರಿಕೊಂಡಿದ್ದರು. ನಿಝಾಮುಲ್ ಮುಲ್ಕ್‌ರ ಇನ್ನೊಬ್ಬ ಮಗ, ವಝೀರ್ ಝಿಯಾಉಲ್ ಮುಲ್ಕ್, ಆ ಪೀಠಕ್ಕೆ ಗಝ್ಝಾಲಿಯವರನ್ನೇ ಆಹ್ವಾನಿಸಿದರು. ಅದಕ್ಕೆ ಅವರು ಪಾರಸಿಯಲ್ಲಿ ಬರೆದ ಉತ್ತರ, ಅವರ ಮರಣಾನಂತರ ಸಂಗ್ರಹಿಸಲಾದ ಪತ್ರಗಳಲ್ಲಿ ಉಳಿದು ಬಂದಿದೆ. ಒಲ್ಲೆ ಎನ್ನಲು ಅವರು ಹಲವು ಕಾರಣಗಳನ್ನು ಕೊಡುತ್ತಾರೆ. ತೂಸ್‌ನಲ್ಲಿ ನೂರೈವತ್ತು ವಿದ್ಯಾರ್ಥಿಗಳು ಕಲಿಯುತ್ತಿದ್ದಾರೆ, ಅವರನ್ನು ಬಗ್ದಾದ್‌ಗೆ ಸಾಗಿಸುವುದು ಸುಲಭವಲ್ಲ. ಹೆಬ್ರಾನ್‌ನ ಪ್ರತಿಜ್ಞೆಗಳಿವೆ, ಬಗ್ದಾದ್‌ನಲ್ಲಿ ವಾದವಿಲ್ಲದೆ, ದರ್ಬಾರಿಗೆ ಹೋಗದೆ ಬದುಕಲಾಗದು. ಸಂಬಳ ಮುಟ್ಟುವಂತಿಲ್ಲ, ತೂಸ್‌ನ ಸಣ್ಣ ಜಮೀನಿನ ಆದಾಯದಲ್ಲಿ ತಾನೂ ಮಕ್ಕಳೂ ಮಿತವಾಗಿ ಬದುಕುತ್ತಿದ್ದೇವೆ.

ಇವುಗಳ ನಡುವೆ ಇನ್ನೊಂದು ಕಾರಣವಿದೆ. ನಿಮ್ಮ ತಂದೆಯವರು ನನ್ನನ್ನು ಬಗ್ದಾದ್‌ಗೆ ಕರೆಸಿದಾಗ ನಾನು ಒಂಟಿ, ಹೆಂಡತಿ ಮಕ್ಕಳ ಬಂಧನವಿರಲಿಲ್ಲ, ಇಂದು ಸಂಸಾರವಿದೆ, ಮಕ್ಕಳಿದ್ದಾರೆ, ಅವರನ್ನು ಬಿಟ್ಟುಹೋಗಿ ಅವರೆಲ್ಲರ ಮನಸ್ಸು ನೋಯಿಸಲು ಅನುಮತಿಯಿಲ್ಲ ಎಂಬುದು ಆ ಕಾರಣದ ಸಾರ. ಅನುಮತಿ ಎಂಬಲ್ಲಿ ಇಮಾಮರು ಬಳಸಿದ ಪದ 'ರುಖ್‌ಸತ್'. ಅದು ಫಿಕ್ಹ್‌ನ ಪದ. ಮಕ್ಕಳ ಮೇಲಿನ ಮಮತೆಯಿಂದ ಬರಲಾರೆ ಎಂದು ಅವರು ಬರೆಯಬಹುದಿತ್ತು. ಅದರ ಬದಲು, ಮನೆಯವರ ಹೃದಯ ನೋಯಿಸುವುದನ್ನು ಶರೀಅತ್ ಒಪ್ಪದ ವಿಷಯಗಳ ಸಾಲಿಗೆ ಸೇರಿಸಿದರು. 1095ರಲ್ಲಿ ಮಕ್ಕಳ ಪಾಲಿಗೆ ಊಟದ ಹಣ ತೆಗೆದಿಟ್ಟರೆ ಸಾಕೆಂದು ಲೆಕ್ಕ ಹಾಕಿದ್ದರು. 1110ರ ಲೆಕ್ಕದಲ್ಲಿ ಅವರ ಮನಸ್ಸೂ ಸೇರಿತ್ತು. ನನ್ನ ಮಟ್ಟಿಗೆ, ಮಿನಾರದ ಏಕಾಂತದಷ್ಟೇ ಮಹತ್ವದ ಬದಲಾವಣೆ ಈ ಪತ್ರದಲ್ಲಿದೆ.

ಮರುವರ್ಷ, ಹಿಜರಿ 505ರ ಜುಮಾದಲ್ ಆಖಿರ್ 14, ಅಂದರೆ 1111ರ ಡಿಸೆಂಬರ್ 18ರ ಸೋಮವಾರ ಮುಂಜಾನೆ ಇಮಾಮರು ನಿಧನರಾದರು. ಆ ಬೆಳಗಿನ ವಿವರ ನಮಗೆ ಸಿಗುವುದು ತಮ್ಮ ಅಹ್ಮದ್‌ರ ಮಾತಿನಿಂದ. ಅಣ್ಣ ವುಝೂ ಮಾಡಿ ನಮಾಝ್ ನಿರ್ವಹಿಸಿದರು, ಕಫನ್ ಬಟ್ಟೆ ತರಿಸಿದರು, ಅದನ್ನು ಮುತ್ತಿಟ್ಟು ಕಣ್ಣಿಗೊತ್ತಿಕೊಂಡರು, ಕಿಬ್ಲಾದ ಕಡೆ ಕಾಲು ಚಾಚಿ ಮಲಗಿದರು, ಬೆಳಕು ಹರಿಯುವ ಮೊದಲೇ ಹೋಗಿಬಿಟ್ಟರು. ಅಹ್ಮದ್ ಮತ್ತೆ ಹದಿನೈದು ವರ್ಷ ಬದುಕಿ 1126ರಲ್ಲಿ ಕಝ್ವೀನ್‌ನಲ್ಲಿ ತೀರಿಕೊಂಡರು. ಅಣ್ಣನ ಇಹ್ಯಾವನ್ನು ಸಂಗ್ರಹಿಸಿ ಚಿಕ್ಕ ಗ್ರಂಥವನ್ನಾಗಿ ಮಾಡಿದವರೂ ಅವರೇ.

'ಅಬೂ ಹಾಮಿದ್' ಎಂದರೆ ಹಾಮಿದ್‌ನ ತಂದೆ. ಆದರೆ ಇಮಾಮರ ಹಿಂದೆ ಉಳಿದದ್ದು ಹೆಣ್ಣುಮಕ್ಕಳು ಮಾತ್ರ ಎಂದು ಅಬ್ದುಲ್ ಗಾಫಿರ್ ಬರೆಯುತ್ತಾರೆ. ಪಿತ್ರಾರ್ಜಿತವಾಗಿ ಬಂದದ್ದು, ಸ್ವಂತ ದುಡಿದದ್ದು ಸೇರಿ ಮನೆಯವರ ಜೀವನಕ್ಕೆ ಸಾಕಾಗುವಷ್ಟು ಅವರಿಗಿತ್ತು. ಹೆಚ್ಚಿನ ಹಣ ಕೊಡಲು ಬಂದವರಿದ್ದರು, ಅವರು ತೆಗೆದುಕೊಳ್ಳಲಿಲ್ಲ.